ಶ್ರುತ ಮತ್ತು ಅಭಿಯೋಗ: ಭೀಮಾತೀರದ ಕಥೆಗಾರನ ಸ್ಫೂರ್ತಿ ಹಾಗೂ ಕಸುಬು

ಕವಿಯಾಗುವವನಿಗೆ ಏನೇನು ಬೇಕು ಎಂಬ ಪ್ರಶ್ನೆಯನ್ನು ಭಾರತೀಯ ಕಾವ್ಯಮೀಮಾಂಸೆ ಬಹಳ ಹಿಂದೆಯೇ ಎತ್ತಿಕೊಂಡಿದೆ. ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ಶ್ರುತ, ಎಡೆಬಿಡದ ಅಭಿಯೋಗ ಎಂದು ದಂಡಿ ಮೂರು ಕಾರಣಗಳನ್ನು ಹೇಳುತ್ತಾನೆ. ಮಮ್ಮಟನಲ್ಲಿ ಇವು ಶಕ್ತಿ, ನಿಪುಣತೆ, ಅಭ್ಯಾಸಗಳೆಂದು ಹೆಸರು ಬದಲಿಸಿಕೊಂಡು ಬರುತ್ತವೆ. ಆಧುನಿಕ ಕಾಲದಲ್ಲಿ ಈ ಮೂರರ ಪೈಕಿ ಪ್ರತಿಭೆಯೊಂದನ್ನೇ ಎತ್ತಿ ಹಿಡಿದು, ಅದನ್ನು 'ಸ್ಫೂರ್ತಿ' ಎಂಬ ಮಾತಿನಲ್ಲಿ ಅಡಗಿಸಿ, ಉಳಿದೆರಡನ್ನು ಮರೆತದ್ದೇ ಹೆಚ್ಚು. ದಂಡಿ ಮಾತ್ರ ಹಾಗೆ ಮರೆತವನಲ್ಲ. ಪೂರ್ವವಾಸನೆಯ ಪ್ರತಿಭೆ ಇಲ್ಲದವನಿಗೂ ಶ್ರುತ ಮತ್ತು ಯತ್ನಗಳಿಂದ ಸೇವಿಸಿದ ವಾಗ್ದೇವಿ ಏನಾದರೊಂದು ಅನುಗ್ರಹ ಮಾಡಿಯೇ ಮಾಡುತ್ತಾಳೆಂಬ ಭರವಸೆಯನ್ನು ಅವನು ಕೊಟ್ಟಿದ್ದಾನೆ. ಈ 'ಶ್ರುತ' ಎಂಬ ಪದಕ್ಕೆ ಶಾಸ್ತ್ರಜ್ಞಾನವೆಂಬ ಅರ್ಥವನ್ನು ವ್ಯಾಖ್ಯಾನಕಾರರು ಹೇಳುತ್ತ ಬಂದಿದ್ದಾರೆ. ಆದರೆ ಪದದ ಮೂಲಾರ್ಥ 'ಕೇಳಿದ್ದು' ಎಂದಷ್ಟೇ. ಕಾವ್ಯದ ಮಟ್ಟಿಗೆ ಹೇಗೋ ಏನೋ, ಕಥನದ ಮಟ್ಟಿಗಂತೂ ಈ ಮೂಲಾರ್ಥವೇ ಹೆಚ್ಚು ಉಪಯುಕ್ತವಾದುದು. ಕಥೆಗಾರನ ಸ್ಫೂರ್ತಿಯ ನೆಲೆ ಅವನ ಕಿವಿ. ಅವನ ಕಸುಬು ಆ ಕಿವಿಗೆ ಬಿದ್ದದ್ದನ್ನು ಬರಹದಲ್ಲಿ ಕಳೆದುಕೊಳ್ಳದಿರುವ ಸಾಹಸ. ಪ್ರಸ್ತುತ ಲೇಖನವು ಈ ಮಾತನ್ನು ಕಲಬುರಗಿ ಜಿಲ್ಲೆಯ ಭೀಮಾತೀರದ ನೆಲೆಯಿಂದ ಪರಿಶೀಲಿಸುತ್ತದೆ.

ಆ ನೆಲೆಯನ್ನು ಆಯ್ದುಕೊಳ್ಳಲು ಕಾರಣವಿದೆ. ದಂಡಿಯ ವಿಚಾರಗಳನ್ನು ಕನ್ನಡಕ್ಕೆ ತಂದ 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲಿ ರೂಪುಗೊಂಡದ್ದು ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ. ಅದು ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಕನ್ನಡ ನಾಡಿನ ಜನ ಓದದೆಯೂ ಕಾವ್ಯಪ್ರಯೋಗ ಬಲ್ಲವರೆಂದು ಮೆಚ್ಚಿದ ಅದೇ ಗ್ರಂಥ, ಕನ್ನಡಗಳು ಹಲವಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಲು ವಾಸುಕಿಗೂ ಸಾಧ್ಯವಿಲ್ಲವೆಂದು ಬೇಸರವನ್ನೂ ಪಡುತ್ತದೆ. ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದು. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳಬೇಕಾಗಿ ಬಂದಾಗ ಅದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ತೋರಿಸುತ್ತದೆ. ಇವು ಇಂದಿನ ಬಾಗಲಕೋಟೆ, ಕೊಪ್ಪಳ, ಗದಗ, ಬೆಳಗಾವಿ ಜಿಲ್ಲೆಗಳ ಸ್ಥಳಗಳು. ಗ್ರಂಥ ಹುಟ್ಟಿದ ರಾಜಧಾನಿಯ ಸುತ್ತಿನ ಮಾತು ಆ ಎಲ್ಲೆಯೊಳಗೆ ಬರುವುದಿಲ್ಲ. ತನ್ನ ಮನೆಯಲ್ಲಿ ಕುಳಿತು ಒಳ್ಳೆಯ ಕನ್ನಡ ಬೇರೆಲ್ಲೋ ಇದೆಯೆಂದು ಬೆರಳು ತೋರಿಸುವ ಈ ಅಭ್ಯಾಸಕ್ಕೆ ಕಲಬುರಗಿ ಸೀಮೆಯಲ್ಲಿ ಹನ್ನೊಂದು ಶತಮಾನಗಳ ವಯಸ್ಸಾಗಿದೆ ಎಂದರೆ ವಿನೋದವೆನಿಸಬಹುದು. ಈ ಸೀಮೆಯ ಹೊಸ ಕಥೆಗಾರರ ಹಸ್ತಪ್ರತಿಗಳನ್ನು ಓದಿದವರಿಗೆ ಅದು ವಿನೋದವಾಗಿ ಉಳಿಯುವುದಿಲ್ಲ.

ಅಫಜಲಪುರ ತಾಲೂಕಿನ ಗೊಬ್ಬೂರವನ್ನು ಉದಾಹರಣೆಯಾಗಿ ನೋಡಬಹುದು. ಕಲಬುರಗಿಯಿಂದ ಅಫಜಲಪುರದತ್ತ, ದೇವಲ ಗಾಣಗಾಪುರದತ್ತ ಸಾಗುವ ಹಾದಿಯ ಊರು ಇದು. ಜೋಳ, ತೊಗರಿಗಳ ಕಪ್ಪು ಭೂಮಿ. ಒಂದು ದಿಕ್ಕಿಗೆ ಆಳಂದ, ಇನ್ನೊಂದು ದಿಕ್ಕಿಗೆ ಜೇವರ್ಗಿ. ಭೀಮಾ-ಅಮರಜಾ ಸಂಗಮದ ದತ್ತಾತ್ರೇಯ ಕ್ಷೇತ್ರಕ್ಕೆ ಮಹಾರಾಷ್ಟ್ರದಿಂದ ಬರುವ ಯಾತ್ರಿಕರ ಮರಾಠಿ, ಸಂತೆಯ ದಖನಿ ಉರ್ದು, ಹೊಲಮನೆಗಳ ಕನ್ನಡ ಈ ಹಾದಿಯಲ್ಲಿ ಒಂದರ ಮೇಲೊಂದು ಬೀಳುತ್ತವೆ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ. ಹಳೆಯ ಜೇವರ್ಗಿ ತಾಲೂಕಿನ ಕಡಕೋಳದಲ್ಲಿ ತತ್ವಪದಕಾರ ಮಡಿವಾಳಪ್ಪನ ನೆಲೆ. ಆತನ ಶಿಷ್ಯಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬನಂಥವರು. ಮೊಹರಮ್ಮಿನಲ್ಲಿ ಕನ್ನಡದ ರಿವಾಯತ ಪದಗಳು ಕರ್ಬಲೆಯ ಕಥೆಯನ್ನು ಊರಿನ ಅಗಸಿಗೆ ತರುತ್ತವೆ. ಬೀಸುವ ಕಲ್ಲಿನ ಪದ, ಗೀಗೀ ಪದ, ಸಣ್ಣಾಟ, ಡೊಳ್ಳಿನ ಹಾಡು ಇವೆಲ್ಲ ಕಥನವೇ. ಹೀಗಿರುವಾಗ ಕಥೆಗೆ ವಸ್ತು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಇಲ್ಲಿನ ಬರಹಗಾರನಿಗೆ ಏಳಬೇಕಾದುದೇ ಅಲ್ಲ. ಏಳುವ ಪ್ರಶ್ನೆ ಬೇರೆ: ಹಾಡಾಗಿ, ಆಟವಾಗಿ, ಜಗಳವಾಗಿ ಕಿವಿಗೆ ಬಿದ್ದದ್ದು ಗದ್ಯವಾಗುವುದು ಹೇಗೆ?

ಗದ್ಯ ಇಲ್ಲಿ ತಡವಾಗಿ ಬಂದುದಕ್ಕೆ ಚಾರಿತ್ರಿಕ ಕಾರಣಗಳಿವೆ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮನ ಆಡಳಿತದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಕಲಿಕೆಯ ಭಾಷೆಯೂ ಉರ್ದು. ಮೈಸೂರಿನಲ್ಲಿ ಮಾಸ್ತಿಯವರ 'ಕೆಲವು ಸಣ್ಣ ಕತೆಗಳು' ಪ್ರಕಟವಾದ 1920ರಲ್ಲಿ, ಗುಲಬರ್ಗಾ ಸೀಮೆಯಲ್ಲಿ ಅಕ್ಷರ ಬಲ್ಲವನು ದಸ್ತಾವೇಜನ್ನು ಉರ್ದುವಿನಲ್ಲಿ ಬರೆದು, ಭಜನೆಯನ್ನು ಕನ್ನಡದಲ್ಲಿ ಹಾಡುತ್ತಿದ್ದ. 1956ರ ಏಕೀಕರಣದ ಅನಂತರ ಶಾಲೆಗಳಿಗೆ ಬಂದ ಕನ್ನಡ ಪಠ್ಯಪುಸ್ತಕದ ಕನ್ನಡ. ಹೀಗಾಗಿ ಇಲ್ಲಿನ ಮೊದಲ ತಲೆಮಾರಿನ ಕಥೆಗಾರರಿಗೆ ಗದ್ಯವೆಂಬುದು ಕಲಿತು ಗಳಿಸಿದ ಭಾಷೆಯಾಗಿತ್ತು, ಆಡುತ್ತ ಬೆಳೆದ ಭಾಷೆಯಾಗಿರಲಿಲ್ಲ. ರಾಯಚೂರಿನ ಶಾಂತರಸರು ಗಜಲನ್ನು ಕನ್ನಡಕ್ಕೆ ಒಗ್ಗಿಸಿದ್ದು, ಚಿತ್ತಾಪುರ ತಾಲೂಕಿನ ಶಂಕರವಾಡಿಯ ಚೆನ್ನಣ್ಣ ವಾಲೀಕಾರರು ತಮ್ಮ ಕವನ ಸಂಕಲನಕ್ಕೆ 'ಜೀಪದ'ದ ಹೆಸರನ್ನೇ ಇಟ್ಟದ್ದು, ಕಲಿತ ಭಾಷೆಯಿಂದ ಕೇಳಿದ ಭಾಷೆಗೆ ಹಿಂತಿರುಗುವ ಪ್ರಯತ್ನಗಳೇ. ಕಾವ್ಯದಲ್ಲಿ ಈ ಹಿಂತಿರುಗುವಿಕೆ ಸುಲಭ, ಏಕೆಂದರೆ ಲಯ ಕೈಹಿಡಿದು ನಡೆಸುತ್ತದೆ. ಗದ್ಯದಲ್ಲಿ ಅಂಥ ಆಸರೆ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಲಬುರಗಿ ಸೀಮೆಯ ಹೊಸ ಲೇಖಕರು ಶಿಷ್ಟ ಕನ್ನಡವನ್ನು ಬಿಟ್ಟು ಆಡುಮಾತಿನಲ್ಲಿ ಸಂಭಾಷಣೆ ಬರೆಯಲು ತೊಡಗಿದಾಗ ಅನೇಕ ವೇಳೆ ಅವರ ಲೇಖನಿಯಿಂದ ಬರುವುದು ಧಾರವಾಡದ ಆಡುಮಾತು. ಕಲಬುರಗಿಯ ಹಳ್ಳಿಯಲ್ಲಿ 'ಮಾಡ್ಲಕತ್ತಾನ', 'ಬರ್ಲತ್ತಾನ' ಎಂದು ಕೇಳುತ್ತ ಬೆಳೆದವನು ಕಥೆಯಲ್ಲಿ 'ಮಾಡಾಕತ್ತಾನ', 'ಬರಾಕತ್ತಾನ' ಎಂದು ಬರೆಯುತ್ತಾನೆ. ಕಾರಣ ಸರಳವಾಗಿದೆ. 'ಉತ್ತರ ಕರ್ನಾಟಕದ ಭಾಷೆ' ಎಂದು ಅವನು ಪುಸ್ತಕಗಳಲ್ಲಿ ಓದಿದ್ದು, ನಾಟಕ-ಸಿನೆಮಾಗಳಲ್ಲಿ ಕಂಡದ್ದು ಅದನ್ನೇ. ತನ್ನ ಅವ್ವನ ಮಾತಿಗಿಂತ ಮುದ್ರಿತವಾದ ಆಡುಮಾತು ಅವನಿಗೆ ಹೆಚ್ಚು ಅಧಿಕೃತವಾಗಿ ಕಂಡಿದೆ. ಒಂದು ಪ್ರತ್ಯಯದ ವ್ಯತ್ಯಾಸಕ್ಕೆ ಇಷ್ಟು ಮಹತ್ವ ಬೇಕೆ ಎಂದು ಕೇಳಬಹುದು. ಪ್ರತ್ಯಯ ಇಲ್ಲಿ ಸೂಚಕ ಮಾತ್ರ. ಪ್ರತ್ಯಯವನ್ನು ಓದಿನಿಂದ ತಂದವನು ಭಾವವನ್ನೂ ಓದಿನಿಂದಲೇ ತಂದಿರುವ ಸಂಭವ ಹೆಚ್ಚು. ಅಂಥ ಕಥೆಗಳಲ್ಲಿ ಬರದ ವರ್ಣನೆ, ಸಾಹುಕಾರನ ಕ್ರೌರ್ಯ, ಹೆಣ್ಣಿನ ಅಳಲು ಎಲ್ಲವೂ ಬೇರೊಂದು ಕಥೆಯಲ್ಲಿ ಈಗಾಗಲೇ ಸಂಭವಿಸಿ ಮುಗಿದಂತೆ ತೋರುತ್ತವೆ.

ಆಡುಮಾತೆಂದರೆ ಕಾಗುಣಿತವನ್ನು ಮುರಿಯುವುದೆಂಬ ತಿಳಿವಳಿಕೆಯೂ ಸರಿಪಡಬೇಕಾಗಿದೆ. ಭೀಮಾತೀರದ ರೈತನೊಬ್ಬ ಹೊಲದಲ್ಲಿ ಹೆಂಡತಿಯೊಡನೆ ಆಡುವ ಮಾತಿನಲ್ಲಿ ಕನ್ನಡದ ಪದಗಳೇ ತುಂಬಿರುತ್ತವೆ. ಅದೇ ಮನುಷ್ಯ ತಹಸೀಲ ಕಚೇರಿಯ ಮೆಟ್ಟಿಲು ಹತ್ತಿದೊಡನೆ ಅರ್ಜಿ, ತಕರಾರು, ಫೈಸಲಾ, ದರಖಾಸ್ತು, ಪಹಣಿ ಎಂಬ ಪದಗಳು ಸಾಲುಗಟ್ಟುತ್ತವೆ. ದವಾಖಾನೆಯಲ್ಲಿ ಅವನ ಧ್ವನಿ ತಗ್ಗುತ್ತದೆ. ಗಾಣಗಾಪುರದ ಅಂಗಡಿಯಲ್ಲಿ ಯಾತ್ರಿಕನೊಡನೆ ಅವನು ಮರಾಠಿಗೆ ಹೊರಳುತ್ತಾನೆ. ಯಾವ ಪದ ಯಾರ ಮುಂದೆ ಬರುತ್ತದೆ, ಎಲ್ಲಿ 'ನೀ' ಎಂಬುದು 'ನೀವು' ಆಗುತ್ತದೆ, ಯಾವ ಪ್ರಶ್ನೆಗೆ ಉತ್ತರ ಬಾರದೆ ಉಳಿಯುತ್ತದೆ ಎಂಬುದರಲ್ಲಿ ಆ ಸಮಾಜದ ಇಡೀ ಅಧಿಕಾರ ವ್ಯವಸ್ಥೆ ಅಡಗಿದೆ. ಇದನ್ನು ಕೇಳಿಸಿಕೊಂಡ ಕಥೆಗಾರನು ಶೋಷಣೆಯೆಂಬ ಪದವನ್ನು ಬಳಸದೆಯೇ ಶೋಷಣೆಯನ್ನು ತೋರಿಸಬಲ್ಲ. ಕೇಳಿಸಿಕೊಳ್ಳದವನು ಆ ಪದವನ್ನು ಪುಟಕ್ಕೆ ಎರಡು ಸಲ ಬಳಸಬೇಕಾಗುತ್ತದೆ.

ಕೇಳಿದ ಮಾತನ್ನು ಬರಹದಲ್ಲಿ ಗಳಿಸಿಕೊಳ್ಳಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಗೀತಾ ನಾಗಭೂಷಣ ಅವರ ಬರಹಕ್ಕಿಂತ ಉತ್ತಮ ನಿದರ್ಶನ ಈ ಭಾಗದಲ್ಲಿ ದೊರೆಯುವುದಿಲ್ಲ. 1942ರಲ್ಲಿ ಕಲಬುರಗಿಯ ಬಳಿಯ ಸಾವಳಗಿಯಲ್ಲಿ, ಗಿರಣಿ ಕಾರ್ಮಿಕನ ಮಗಳಾಗಿ ಹುಟ್ಟಿದ ಅವರು ಗುಮಾಸ್ತೆಯಾಗಿ ದುಡಿಯುತ್ತ ಓದಿ, ಬಳಿಕ ಅಧ್ಯಾಪಕಿಯಾದರು. ಅವರ ಮೊದಲ ಕಾದಂಬರಿ 'ತಾವರೆಯ ಹೂವು' 1968ರಲ್ಲಿ ಬಂದಿತು. ಮುಂದೆ 'ಹಸಿಮಾಂಸ ಮತ್ತು ಹದ್ದುಗಳು' ಬಂದು ಚಲನಚಿತ್ರವಾಯಿತು. 2004ರಲ್ಲಿ 'ಬದುಕು' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 2010ರಲ್ಲಿ ಗದಗಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಅವರು 2020ರಲ್ಲಿ ನಿಧನರಾದರು. ಈ ಮೂರು ಕಾದಂಬರಿಗಳ ಹೆಸರುಗಳನ್ನಷ್ಟೇ ಸಾಲಾಗಿ ಇಟ್ಟು ನೋಡಿದರೂ ಒಬ್ಬ ಲೇಖಕಿಯ ಕಸುಬಿನ ಚರಿತ್ರೆ ಕಾಣುತ್ತದೆ. ಮೊದಲನೆಯದು ಕಾವ್ಯಪರಂಪರೆಯಿಂದ, ಜನಪ್ರಿಯ ಕಾದಂಬರಿಯ ರೂಢಿಯಿಂದ ಎರವಲು ಪಡೆದ ಕೋಮಲ ಪ್ರತಿಮೆ. ಎರಡನೆಯದು ಅದಕ್ಕೆ ಎದುರಾಗಿ ನಿಂತ ಕಟು ಪ್ರತಿಮೆ, ಆದರೂ ಪ್ರತಿಮೆಯೇ. ಮೂರನೆಯದರಲ್ಲಿ ಪ್ರತಿಮೆಯೇ ಇಲ್ಲ. ಈ ಸೀಮೆಯ ಯಾವ ಮನೆಯಲ್ಲಿಯೂ ದಿನಕ್ಕೆ ಹತ್ತು ಬಾರಿ ಕೇಳಿಬರುವ ಒಂದು ಪದವಿದೆ. ಅಷ್ಟು ಸಾದಾ ಹೆಸರಿಗೆ ಬರಲು ಅವರಿಗೆ ಮೂರು ದಶಕಗಳು ಬೇಕಾದವು.

ಆ ಮೂರು ದಶಕಗಳ ತುಂಬ ಅವರು ಕಾದಂಬರಿಯ ಮೇಲೆ ಕಾದಂಬರಿ ಬರೆದರು. ಅವುಗಳಲ್ಲಿ ಹಲವು ಇಂದು ಓದಿಗೆ ನಿಲ್ಲುವುದಿಲ್ಲ ಎಂದು ಒಪ್ಪಿಕೊಳ್ಳುವುದರಿಂದ ಅವರ ಹಿರಿಮೆಗೆ ಕುಂದಿಲ್ಲ. ಅವು ಅಭಿಯೋಗದ ಪುಟಗಳು. 'ಬದುಕು' ಕಾದಂಬರಿಯಲ್ಲಿ ಸಂಭಾಷಣೆಯಷ್ಟೇ ಅಲ್ಲ, ನಿರೂಪಣೆಯೂ ಕಲಬುರಗಿಯ ಕೇರಿಗಳ ಮಾತಿನ ಕಡೆಗೆ ವಾಲುತ್ತದೆ. ಜಗಳದ ಭಾಗಗಳಲ್ಲಿ ಅವರ ಗದ್ಯಕ್ಕೆ ಬರುವ ವೇಗವನ್ನು ಗಮನಿಸಬೇಕು: ಬೈಗುಳ, ಆಣೆ, ಗಾದೆ, ಗೋಳಾಟ ಒಂದೇ ಉಸಿರಿನಲ್ಲಿ ಬರುತ್ತವೆ, ನಿರೂಪಕಿ ನಡುವೆ ಬಂದು ವಿವರಿಸುವುದಿಲ್ಲ. ಎಲ್ಲಿ ಬಂದು ವಿವರಿಸುತ್ತಾಳೋ ಅಲ್ಲಿ ಕಾದಂಬರಿ ಸಡಿಲವಾಗುತ್ತದೆ. ಪಾತ್ರಗಳ ದುಃಖವನ್ನು ಅವರ ಮಾತೇ ಹೇಳಿ ಮುಗಿಸಿದ ಮೇಲೆ ಶಿಷ್ಟ ಕನ್ನಡದ ಒಂದು ವಾಕ್ಯ ಅದಕ್ಕೆ ಅಡಿಗೆರೆ ಎಳೆಯುವ ಕಡೆಗಳು ಅಲ್ಲಲ್ಲಿ ಉಳಿದಿವೆ. ಕೇಳಿದ ಮಾತಿನ ಮೇಲೆ ಲೇಖಕಿಗೆ ಪೂರ್ಣ ವಿಶ್ವಾಸ ಬಂದಿಲ್ಲದ ಗಳಿಗೆಗಳು ಅವು. ಈ ಸೀಮೆಯ ಕಥೆಗಾರ ಕಲಿಯಬೇಕಾದ ಪಾಠ ಆ ಕಾದಂಬರಿಯ ಸಿದ್ಧಿಯಲ್ಲಿರುವಷ್ಟೇ ಈ ಎಡವಟ್ಟುಗಳಲ್ಲಿಯೂ ಇದೆ.

ಅಫಜಲಪುರಕ್ಕೆ ನೆರೆಯದಾದ ಇಂಡಿ ತಾಲೂಕು ವಿಜಯಪುರ ಜಿಲ್ಲೆಗೆ ಸೇರಿದ್ದು. ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅದರ ಶಾಲೆಯ ಚರಿತ್ರೆ ಬೇರೆ. ಅಲ್ಲಿಂದ ಬಂದ ರಾಘವೇಂದ್ರ ಖಾಸನೀಸರು (1933-2007) ಗೀತಾ ಅವರಿಗೆ ನೇರ ವಿರುದ್ಧವಾದ ದಾರಿಯಲ್ಲಿ ನಡೆದರು. ಬೆಂಗಳೂರಿನಲ್ಲಿ ಗ್ರಂಥಪಾಲಕರಾಗಿದ್ದ ಅವರು ಇಡೀ ಜೀವನದಲ್ಲಿ ಬರೆದ ಕಥೆಗಳು ಬಹಳ ಕಡಿಮೆ. 'ತಬ್ಬಲಿಗಳು' ಕಥೆಯೊಂದರಿಂದಲೇ ಅವರ ಹೆಸರು ಕನ್ನಡ ಕಥನದಲ್ಲಿ ಉಳಿಯುತ್ತದೆ. ಪುಸ್ತಕಗಳ ನಡುವೆಯೇ ಬದುಕಿದ ಈ ಕಥೆಗಾರನ ಕಿವಿ ಮಾತ್ರ ವಿಜಯಪುರದ ಮನೆಗಳ ಪಡಸಾಲೆಯಲ್ಲೇ ಇತ್ತು. ಅವರ ಪಾತ್ರಗಳು ತಮ್ಮ ಸಂಕಟವನ್ನು ಕೂಗಿ ಹೇಳುವುದಿಲ್ಲ. ಅಡುಗೆ, ಸ್ನಾನ, ಪ್ರಯಾಣಗಳ ಮಾತಿನಲ್ಲಿ ಅದು ಅಡಗಿ ಕುಳಿತಿರುತ್ತದೆ. ಒಬ್ಬರು ಬರೆದು ಬರೆದು ಕಲಿತರು, ಇನ್ನೊಬ್ಬರು ತಡೆದು ತಡೆದು ಬರೆದರು. ಇವೆರಡರಲ್ಲಿ ಯಾವುದು ಮೇಲು ಎಂದು ತೀರ್ಪು ಕೊಡುವುದು ನಿರರ್ಥಕ. ಆದರೆ ಉದ್ಯೋಗವೊಂದನ್ನು ಮಾಡುತ್ತ, ಮನೆಯ ಹೊಣೆಯನ್ನು ಹೊತ್ತು ಬರೆಯುವವರಿಗೆ ಎರಡೂ ದಾರಿಗಳು ತೆರೆದಿವೆ ಎಂಬುದನ್ನು ನೆನೆಯಬೇಕು. ಬಿಡುವಿಲ್ಲವೆಂಬ ದೂರು ಇಬ್ಬರಿಗೂ ಸಲ್ಲುತ್ತಿತ್ತು.

ಕಸುಬು ಪಕ್ವವಾಗುವುದಕ್ಕೆ ಹೊಸ ವಸ್ತು ಬೇಕೇ ಬೇಕೆಂಬ ನಂಬಿಕೆಯನ್ನು ಕುವೆಂಪು ಅವರ ಎರಡು ಕಾದಂಬರಿಗಳು ಅಲ್ಲಗಳೆಯುತ್ತವೆ. 1936ರ 'ಕಾನೂರು ಹೆಗ್ಗಡಿತಿ' ಮತ್ತು 1967ರ 'ಮಲೆಗಳಲ್ಲಿ ಮದುಮಗಳು' ಇವುಗಳ ನಡುವೆ 31 ವರ್ಷಗಳ ಅಂತರವಿದೆ. ಮಲೆನಾಡು ಅದೇ, ಮನೆತನಗಳ ಬಗೆಯೂ ಅದೇ. ಮೊದಲನೆಯದರಲ್ಲಿ ಹೂವಯ್ಯನೆಂಬ ಆದರ್ಶ ಪಾತ್ರದ ಕಣ್ಣಿನ ಸುತ್ತ ಲೋಕ ನಿಲ್ಲುತ್ತದೆ. ಎರಡನೆಯದರಲ್ಲಿ ಮುಖ್ಯ-ಅಮುಖ್ಯಗಳ ಭೇದವೇ ಅಳಿದು, ನಾಯಿಗುತ್ತಿಗೂ ಅವನ ನಾಯಿಗೂ ಸಮಾನ ಅವಕಾಶ ದೊರೆಯುತ್ತದೆ. ಲೇಖಕ ತಾನು ಹೇಳುವುದನ್ನು ಕಡಿಮೆ ಮಾಡಿ ಇತರರನ್ನು ಕೇಳುವುದನ್ನು ಹೆಚ್ಚಿಸಿದ್ದಾನೆ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದ ಅಧಿಕಾರಿಯಾಗಿದ್ದುಕೊಂಡು ಮತ್ತೆ ಮತ್ತೆ ಹನೇಹಳ್ಳಿಗೆ ಮರಳಿದ್ದೂ, ಬರೆಯುವ ಕ್ರಿಯೆಯಲ್ಲೇ ಕಥೆ ತನಗೆ ಹೊಳೆಯುತ್ತದೆಂದು ಪ್ರಬಂಧಗಳಲ್ಲಿ ವಿವರಿಸಿದ್ದೂ ಇದಕ್ಕೆ ಹೊಂದುವ ಸಾಕ್ಷ್ಯಗಳೇ.

ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ಈ ಚರ್ಚೆಯಲ್ಲಿ ಬೇರೆಯೇ ಸ್ಥಾನ ಪಡೆಯುತ್ತದೆ. ನಂಜನಗೂಡು ಸೀಮೆಯ ಆಡುಮಾತನ್ನು ಸಂಭಾಷಣೆಯ ಉದ್ಧರಣ ಚಿಹ್ನೆಗಳಿಂದ ಬಿಡಿಸಿ ನಿರೂಪಣೆಯ ಪಟ್ಟಕ್ಕೆ ಏರಿಸಿದ ಕೃತಿ ಅದು. ಇದನ್ನು ಕನ್ನಡಕ್ಕೆ ಅನುವಾದಿಸಬೇಕೆಂಬ ಚಟಾಕಿಯೂ ಆಗ ಹಾರಿತ್ತು. ನಿರೂಪಕ ಶಿಷ್ಟ ಭಾಷೆಯಲ್ಲಿಯೂ ಪಾತ್ರಗಳು ಆಡುಮಾತಿನಲ್ಲಿಯೂ ಇದ್ದಾಗ ಲೇಖಕನು ತನ್ನ ಜನರಿಗಿಂತ ಒಂದು ಮೆಟ್ಟಿಲು ಮೇಲೆ ನಿಂತಂತಾಗುತ್ತದೆ. ಆ ಮೆಟ್ಟಿಲನ್ನು 'ಕುಸುಮಬಾಲೆ' ಕಿತ್ತು ಹಾಕಿತು. ಆದರೆ ಅದನ್ನೇ ಸೂತ್ರವೆಂದು ಹಿಡಿದು ಕಲಬುರಗಿಯ ಕಥೆಗಾರನೂ ಆದ್ಯಂತ ಆಡುಮಾತಿನಲ್ಲೇ ಬರೆಯಬೇಕೆಂದು ಅಪೇಕ್ಷಿಸುವುದು ಮತ್ತೊಂದು ಬಗೆಯ ಎರವಲಾದೀತು.

ಕಥೆಗಾರರನ್ನು ತರಬೇತುಗೊಳಿಸಲು ಅಕಾಡೆಮಿಗಳೂ ಪರಿಷತ್ತುಗಳೂ ಕಮ್ಮಟಗಳನ್ನು ನಡೆಸುತ್ತ ಬಂದಿವೆ. ಅವುಗಳಿಂದ ಆದ ಉಪಕಾರ ಸಣ್ಣದಲ್ಲ. ದೂರದ ಹಳ್ಳಿಯ ತರುಣನಿಗೆ ತನ್ನ ಕಥೆಯನ್ನು ಹತ್ತು ಮಂದಿಯ ಮುಂದೆ ಓದುವ ಅವಕಾಶ ಅಲ್ಲಿ ಸಿಗುತ್ತದೆ. ಆದರೂ ನವೋದಯ, ಪ್ರಗತಿಶೀಲ, ನವ್ಯ, ಬಂಡಾಯಗಳ ಸಮೀಕ್ಷೆಯಲ್ಲಿ ಅರ್ಧ ಸಮಯ ಕಳೆದು, ಉಳಿದರ್ಧ ವಸ್ತು-ತಂತ್ರಗಳ ಉಪನ್ಯಾಸದಲ್ಲಿ ಮುಗಿಯುವ ಕಮ್ಮಟದಿಂದ ಕಿವಿ ತೀಕ್ಷ್ಣವಾಗುವುದಿಲ್ಲ. ಒಂದು ಕಥೆಯ ಒಂದೇ ಪುಟವನ್ನು ಗಟ್ಟಿಯಾಗಿ ಓದಿಸಿ, ಎಲ್ಲಿ ನಾಲಿಗೆ ತಡವರಿಸಿತು, ಯಾವ ವಾಕ್ಯವನ್ನು ಆ ಪಾತ್ರ ಹೇಳಲಾರಳು, ಯಾವ ಮಾತನ್ನು ತೆಗೆದರೂ ಕಥೆಗೆ ನಷ್ಟವಿಲ್ಲ ಎಂದು ವಿಚಾರಿಸುವ ಒಂದು ಮಧ್ಯಾಹ್ನ ಹೆಚ್ಚು ಕಲಿಸೀತು. ತಿದ್ದುವುದೆಂದರೆ ಅಲಂಕರಿಸುವುದೆಂಬ ಭ್ರಮೆ ಹೊಸಬರಲ್ಲಿ ಪ್ರಬಲವಾಗಿದೆ. ವಾಸ್ತವದಲ್ಲಿ ಎರಡನೆಯ ಕರಡಿನಲ್ಲಿ ಮೊದಲು ಬಿದ್ದುಹೋಗಬೇಕಾದವು ಲೇಖಕನಿಗೆ ಬಹಳ ಇಷ್ಟವಾದ ಉಪಮೆಗಳು.

ಇದು ತುರ್ತಿನ ವಿಷಯವೂ ಹೌದು. ಗೊಬ್ಬೂರದಂಥ ಊರುಗಳಿಂದ ದುಡಿಮೆಗೆಂದು ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋದವರ ಮಕ್ಕಳು ಮರಳಿ ಬಂದಾಗ ಅವರ ಮಾತು ಬದಲಾಗಿರುತ್ತದೆ. ಊರಲ್ಲೇ ಉಳಿದವರ ಮಾತನ್ನು ಇಂಗ್ಲಿಷ್ ಮಾಧ್ಯಮವೂ ಧಾರಾವಾಹಿಗಳ ಬೆಂಗಳೂರು ಕನ್ನಡವೂ ಬದಲಿಸುತ್ತಿವೆ. ಇದನ್ನು ಗೋಳಾಡಿ ನಿಲ್ಲಿಸಲಾಗದು. ಬದಲಾಗುವುದು ಮಾತಿನ ಗುಣ. ಬದಲಾಗುತ್ತಿರುವ ಮಾತೇ ಇಂದಿನ ಕಥೆಗಾರನ ನಿಜವಾದ ಶ್ರುತ. ಅಜ್ಜಿ ಒಂದು ಪದ ಹೇಳಿ ಮೊಮ್ಮಗಳು ಅದರ ಅರ್ಥ ಕೇಳುವ ಗಳಿಗೆಯಲ್ಲಿ ಒಂದು ಕಥೆ ಇದೆ. ಅಜ್ಜಿಯ ಪದವನ್ನಷ್ಟೇ ಸಂಗ್ರಹಿಸುವವನು ನಿಘಂಟುಕಾರನಾದಾನು, ಮೊಮ್ಮಗಳ ಪ್ರಶ್ನೆಯನ್ನಷ್ಟೇ ಕೇಳಿದವನು ವರದಿಗಾರನಾದಾನು.

ಈ ಸೀಮೆಯಲ್ಲಿ ಈ ಕಸುಬಿನ ಹಳೆಯ ನಿದರ್ಶನವೊಂದು ಕನ್ನಡ ಸಾಹಿತ್ಯ ಚರಿತ್ರೆಗಳ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಗಾಣಗಾಪುರದ ನೃಸಿಂಹ ಸರಸ್ವತಿಯ ಲೀಲೆಗಳನ್ನು ಕಥನವಾಗಿ ಹೇಳುವ 'ಗುರುಚರಿತ್ರೆ' ಮರಾಠಿ ಗ್ರಂಥ. ಅದರ ಕರ್ತೃ ಸರಸ್ವತೀ ಗಂಗಾಧರನು ಆಳಂದ ತಾಲೂಕಿನ ಕಡಗಂಚಿಯವನು, ಕನ್ನಡ ಮನೆಮಾತಿನವನು. ಇಂದು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಅದೇ ಕಡಗಂಚಿಯಲ್ಲಿ. ಗ್ರಂಥದ ನಿರೂಪಣೆ ಆದ್ಯಂತ ಮರಾಠಿ ಓವಿಯಲ್ಲಿ ಸಾಗುತ್ತದೆ. ಆದರೆ ನಲವತ್ತೊಂದನೆಯ ಅಧ್ಯಾಯದಲ್ಲಿ ಸಾಯಂದೇವನೆಂಬ ಭಕ್ತ ಗುರುವಿನ ಮುಂದೆ ನಿಂತು ಹಾಡಬೇಕಾದಾಗ ಗ್ರಂಥಕಾರನು ಆ ಹಾಡನ್ನು ಮರಾಠಿಗೆ ತಿರುಗಿಸದೆ ಕನ್ನಡದಲ್ಲಿಯೇ ಇಟ್ಟಿದ್ದಾನೆ. ಸಾಯಂದೇವನೂ ಕಡಗಂಚಿಯವನೇ, ಗ್ರಂಥಕಾರನ ಪೂರ್ವಿಕನೇ. ಮಹಾರಾಷ್ಟ್ರದ ಮನೆಗಳಲ್ಲಿ ಇಂದಿಗೂ ಸಪ್ತಾಹದ ಪಾರಾಯಣ ನಡೆಯುವಾಗ, ಕನ್ನಡದ ಗಂಧವಿಲ್ಲದ ಓದುಗರು ಆ ಪುಟಕ್ಕೆ ಬಂದು, ದೇವನಾಗರಿಯಲ್ಲಿ ಅಚ್ಚಾದ ಆ ಕನ್ನಡ ಪದಗಳನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಓದುತ್ತಾರೆ.